ದೈತ್ಯನಿಗೂ ಒಂದು ಕಿಂಡಿ ಬೇಕು

ಬಾಹ್ಯಾಕಾಶದ ಕಂಪ್ಯೂಟರ್ ಗೇಮ್ ಕಟ್ಟಲು ಕೂತವರಿಗೆ ಒಂದಲ್ಲ ಒಂದು ದಿನ ಚಂದ್ರನಷ್ಟು ದೊಡ್ಡದೊಂದು ಚಲಿಸುವ ನಿಲ್ದಾಣ ಮಾಡುವ ಹುಮ್ಮಸ್ಸು ಬಂದೇ ಬರುತ್ತದೆ. ಹಾಳೆ ಹರಡಿಕೊಂಡು ಮೊದಲು ಫಿರಂಗಿ ಬರೆಯುತ್ತಾರೆ. ಆಮೇಲೆ ಇನ್ನಷ್ಟು ಫಿರಂಗಿ. ಜಾಗ ಉಳಿದರೆ ಕಿಟಕಿ. ನನ್ನ ತಕರಾರು ಈ ಕ್ರಮದ ಬಗ್ಗೆಯೇ. ಮೊದಲು ಬರೆಯಬೇಕಾದ್ದು ಆ ದೈತ್ಯನ ಕೈಲಾಗದ ಕೆಲಸಗಳ ಪಟ್ಟಿ. ಫಿರಂಗಿಯನ್ನು ಕೊನೆಗೆ ಯಾರಾದರೂ ಕೂರಿಸಿಯಾರು.

ಈ ಕುಲದ ಮೂಲಪುರುಷ 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಡೆತ್ ಸ್ಟಾರ್. ಗ್ರಹವನ್ನೇ ಪುಡಿಗಟ್ಟುವ ಆ ಗೋಳಕ್ಕೆ ಬಿಸಿ ಹೊರಬಿಡುವ ಎರಡು ಮೀಟರ್ ಅಗಲದ ಕಿಂಡಿಯಿತ್ತು, ಅದರೊಳಗೆ ಹುಡುಗನೊಬ್ಬ ಗುರಿಯಿಟ್ಟ, ಎಲ್ಲ ಮುಗಿಯಿತು. ಅಂದಿನಿಂದ ಅದರ ಇಂಜಿನಿಯರುಗಳನ್ನು ಗೇಲಿ ಮಾಡದವರಿಲ್ಲ. ಅಂಥದ್ದೊಂದನ್ನು ಕಟ್ಟಿಸಿಕೊಡಿ ಎಂದು ಅಮೆರಿಕದ ಪ್ರಜೆಗಳು ಅರ್ಜಿ ಹಾಕಿದಾಗ 2013ರ ಜನವರಿಯಲ್ಲಿ ಶ್ವೇತಭವನ ಕೂಡ, ಒಂಟಿ ಪೈಲಟ್ ಉರುಳಿಸಬಲ್ಲ ಯಂತ್ರಕ್ಕೆ ತೆರಿಗೆ ಹಣ ಸುರಿಯುವುದೇಕೆ ಎಂದು ಕುಟುಕಿತ್ತು. ನಾನಂತೂ ಇಂಜಿನಿಯರುಗಳ ಪಕ್ಷ. ನಿರ್ವಾತದಲ್ಲಿ ಗಾಳಿಯಿಲ್ಲ, ಬಿಸಿಯನ್ನು ಹೊತ್ತೊಯ್ಯುವವರಿಲ್ಲ. ಅದು ವಿಕಿರಣವಾಗಿ ನಿಧಾನ ಸೋರಿ ಹೋಗಬೇಕು. ಸಾಮಾನ್ಯವಾಗಿ ಏಳು ಮಂದಿ ಇರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಕೊಳವೆಗಳಲ್ಲಿ ಅಮೋನಿಯಾ ಹರಿಸಿ, ದೊಡ್ಡ ಬಿಳಿ ಹಲಗೆಗಳನ್ನು ಚಾಚಿ ತಣ್ಣಗಾಗುವ ಪಾಡಿದೆ. ಗೋಳದ ವ್ಯಾಸ ಎರಡರಷ್ಟಾದರೆ ಒಳಗಿನ ಜಾಗ, ಅಲ್ಲಿ ತುಂಬುವ ಯಂತ್ರ, ಜನ, ಕ್ಯಾಂಟೀನಿನ ಒಲೆ ಎಲ್ಲ ಎಂಟರಷ್ಟಾಗುತ್ತವೆ. ಬಿಸಿ ಬಿಡುವ ಮೈ ಮಾತ್ರ ನಾಲ್ಕರಷ್ಟೇ. ದೊಡ್ಡದಾದಷ್ಟೂ ಸೆಕೆ ಹೆಚ್ಚು. ಆ ಕಿಂಡಿ ಇಟ್ಟವನು ಲೆಕ್ಕ ಬಲ್ಲವನು. ಅದಕ್ಕೊಂದು ಮುಚ್ಚಳ ಹಾಕಿಸಬಹುದಿತ್ತು, ಒಪ್ಪುತ್ತೇನೆ.

ಚಲನೆಯ ಕಷ್ಟವೂ ಇದೇ ಜಾತಿಯದು. ತೇರನ್ನು ಹೊರಡಿಸುವುದಕ್ಕಿಂತ ತಿರುಗಿಸುವುದು, ನಿಲ್ಲಿಸುವುದು ಕಷ್ಟವೆಂದು ಗಾಲಿಗೆ ಬೆಣೆ ಕೊಡುವವರನ್ನು ಕೇಳಿದರೆ ಗೊತ್ತಾಗುತ್ತದೆ. ಬಾಹ್ಯಾಕಾಶದಲ್ಲಿ ಬೆಣೆ ಕೊಡಲು ನೆಲವೂ ಇಲ್ಲ. ‘ಇದು ಆಟ ಸ್ವಾಮಿ, ಗುಂಡಿ ಒತ್ತಿದರೆ ಹಾರುತ್ತದೆ, ಭೌತಶಾಸ್ತ್ರ ಯಾರಿಗೆ ಬೇಕು?’ ಎನ್ನಬಹುದು. ಭೌತಶಾಸ್ತ್ರ ಬೇಡವೆಂದೇ ಇಟ್ಟುಕೊಳ್ಳೋಣ, ಆಟವಾದರೂ ಬೇಕಲ್ಲ? ಚದುರಂಗದ ರಾಜ ಒಂದೊಂದೇ ಮನೆ ತೆವಳುವುದರಿಂದಲೇ ಉಳಿದವರಿಗೆ ಕೆಲಸ. ಆ ಸಿನಿಮಾದಲ್ಲೂ ಡೆತ್ ಸ್ಟಾರ್ ದೊಡ್ಡ ಗ್ರಹವೊಂದನ್ನು ಸುತ್ತಿ ಬರುವವರೆಗೆ ಅದರ ಹಿಂದಿರುವ ಉಪಗ್ರಹಕ್ಕೆ ಗುಂಡು ಹಾರಿಸುವಂತಿಲ್ಲ. ಕ್ಲೈಮ್ಯಾಕ್ಸಿನ ಎದೆಬಡಿತವೆಲ್ಲ ಆ ನಿಧಾನದ ಕೃಪೆ.

ಇನ್ನು ಪುರಾವೆ ಬೇಕಿದ್ದರೆ ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಆಟವಿದೆ. 2014ರ ಜನವರಿಯಲ್ಲಿ ಅದರೊಳಗೆ ಸಾವಿರಾರು ಆಟಗಾರರು ಸುಮಾರು ಇಪ್ಪತ್ತೊಂದು ಗಂಟೆ ಕಾದಾಡಿ, ಟೈಟನ್ ಎಂಬ ಎಪ್ಪತ್ತೈದು ಮಹಾನೌಕೆಗಳನ್ನು ಭಸ್ಮ ಮಾಡಿದರು. ಕಾರಣ? ಆ ಪ್ರದೇಶದ ಹಕ್ಕು ಉಳಿಸಿಕೊಳ್ಳುವ ಬಿಲ್ಲನ್ನು ಒಂದು ಬಣ ಕಟ್ಟದೆ ಹೋದದ್ದು. ನೂಕುನುಗ್ಗಲು ತಾಳಲಾರದೆ ಸರ್ವರ್ ಆಟದ ಕಾಲವನ್ನೇ ಹತ್ತರಲ್ಲೊಂದು ಪಾಲಿಗೆ ಇಳಿಸಿತ್ತು. ಫಿರಂಗಿಗಳ ಸಂಖ್ಯೆ ಇವತ್ತು ಯಾರಿಗೂ ನೆನಪಿಲ್ಲ, ಕಟ್ಟದ ಬಿಲ್ಲು ಮಾತ್ರ ಇತಿಹಾಸ ಸೇರಿತು.

ದೌರ್ಬಲ್ಯ ತೋರಿಸಿಬಿಟ್ಟರೆ ಎಲ್ಲರೂ ಅಲ್ಲಿಗೇ ಹೊಡೆಯುತ್ತಾರಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಅದಕ್ಕೆ ಪುರಾಣದ ಅಸುರಶಿಲ್ಪಿ ಮಯನ ಹಳೆಯ ವಿನ್ಯಾಸವನ್ನು ನೋಡಬೇಕು. ತಾರಕಾಸುರನ ಮೂವರು ಮಕ್ಕಳಿಗೆ ಅವನು ಕಟ್ಟಿಕೊಟ್ಟ ತ್ರಿಪುರಗಳು ಚಿನ್ನ, ಬೆಳ್ಳಿ, ಕಬ್ಬಿಣದ ಸಂಚಾರಿ ಪಟ್ಟಣಗಳು. ಸಾವಿರ ವರ್ಷಕ್ಕೊಮ್ಮೆ ಒಂದುಗೂಡಿದಾಗ ಮಾತ್ರ, ಒಂದೇ ಬಾಣಕ್ಕೆ ನಾಶ. ಅಲ್ಲಿ ಕಿಂಡಿ ಇರುವುದು ಗೋಡೆಯಲ್ಲಲ್ಲ, ಕಾಲದಲ್ಲಿ. ಎಲ್ಲಿ ಹೊಡೆಯಬೇಕೆಂದು ಎಲ್ಲರಿಗೂ ಗೊತ್ತು, ಆದರೂ ಕಾಯಬೇಕು, ಅಲ್ಲಿಯವರೆಗೆ ಬದುಕಿರಬೇಕು. ನಮ್ಮ ನಿಲ್ದಾಣವೂ ಬಿಸಿ ತಡೆಯಲಾರದೆ ಆಗಾಗ ರೆಕ್ಕೆ ಬಿಚ್ಚಲಿ, ಆ ಗಳಿಗೆಯಲ್ಲಿ ಹೊಡೆತ ತಿನ್ನಲಿ. ಸಾವಿರ ವರ್ಷವನ್ನು ಮಾತ್ರ ಇಪ್ಪತ್ತು ನಿಮಿಷಕ್ಕೆ ಇಳಿಸಿಕೊಳ್ಳಬೇಕು. ಆಡುವವರಿಗೆ ಬೆಳಿಗ್ಗೆ ಆಫೀಸಿರುತ್ತದೆ.