ಡೆಲವೇರ್ ಡೈರೆಕ್ಟರು

ಮೈಸೂರಿನ ಕುವೆಂಪುನಗರದಲ್ಲಿ, ತಂದೆ ಕಟ್ಟಿಸಿದ ಮನೆಯ ಮಹಡಿ ಕೋಣೆಯಲ್ಲಿ ಒಂದು ಅಮೆರಿಕನ್ ಕಂಪನಿ ನಡೆಯುತ್ತಿದೆ. ಅದರ ಮಾಲೀಕರು, ಡೈರೆಕ್ಟರು, ಗುಮಾಸ್ತರು, ಜವಾನರು ಎಲ್ಲ ಒಬ್ಬರೇ. ಅಮೆರಿಕಕ್ಕೆ ಅವರು ಹೋಗಿಲ್ಲ. ವೀಸಾ ಸಾಲಿನಲ್ಲಿ ನಿಂತವರೂ ಅಲ್ಲ. ಕಂಪನಿ ಮಾತ್ರ ಅಲ್ಲಿನ ಡೆಲವೇರ್ ರಾಜ್ಯದಲ್ಲಿ ಹುಟ್ಟಿದೆ.

ಗಿರಾಕಿ ಬರ್ಲಿನ್ನಿನವನು. ಸಾಫ್ಟ್‌ವೇರ್ ಬರೆಯುವುದು ಮೈಸೂರಿನಲ್ಲಿ, ಬಿಲ್ಲು ಹೋಗುವುದು ಡೆಲವೇರ್ ಹೆಸರಿನಲ್ಲಿ. ಯೂರೋ ಡಾಲರಾಗಿ, ಡಾಲರು ರೂಪಾಯಿಯಾಗಿ ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿದ್ದವರೆಲ್ಲ ಒಂದೊಂದು ಚಿಟಿಕೆ ಎತ್ತಿಕೊಂಡಿರುತ್ತಾರೆ. “ನೀನೇ ನೇರವಾಗಿ ಬಿಲ್ ಕೊಟ್ರೆ ಏನೋ ಕಷ್ಟ?” ಎಂದು ಸೋದರಮಾವ ಕೇಳಿದರು. “ಮಾವ, ಡೆಲವೇರ್ ಅಂದ್ರೆ ಒಂದು ತೂಕ ಇರುತ್ತೆ.”

ಆಫೀಸು ತೋರಿಸೆಂದು ತಾಯಿ ಹಟ ಹಿಡಿದಾಗ ಮೊಬೈಲಿನಲ್ಲಿ ಡೆಲವೇರಿನ ವಿಲ್ಮಿಂಗ್ಟನ್ ಊರಿನ 1209, ನಾರ್ತ್ ಆರೆಂಜ್ ಸ್ಟ್ರೀಟ್ ತೋರಿಸಿದರು. ನೆಲಕ್ಕಂಟಿದಂಥ ಸಾಧಾರಣ ಕಟ್ಟಡ. ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳಿಗೆ ಅದೇ ವಿಳಾಸ. “ಅಷ್ಟೂ ಜನ ಊಟಕ್ಕೆಲ್ಲಿ ಕೂರ್ತಾರೋ?” ಎಂದರು ಆ ತಾಯಿ. ನನಗೂ ಅದೇ ಅನುಮಾನ.

ಕಂಪನಿಗೂ ತಮಗೂ ಕರಾರುಪತ್ರ ಇರಬೇಕೆಂದು ಯಾರೋ ಹೇಳಿದ್ದರಿಂದ, ಎಡಗಡೆ ಡೈರೆಕ್ಟರಾಗಿಯೂ ಬಲಗಡೆ ಗುತ್ತಿಗೆದಾರರಾಗಿಯೂ ಸಹಿ ಹಾಕಿದ್ದಾರೆ. ಅಂದಿನಿಂದ ಮಾತಿಗೊಂದು ಗತ್ತು ಬಂದಿದೆ. ನಂಜನಗೂಡಿನ ನೆಂಟರ ಮದುವೆಗೆ ಕರೆದರೆ, “ರಜೆ ಸಿಗೋದು ಕಷ್ಟ” ಎನ್ನುತ್ತಾರೆ.

ಆ ಗತ್ತು ಇಳಿಯುವ ಜಾಗ ಒಂದೇ, ಆಡಿಟರ ಆಫೀಸು.

“ಕಂಪನಿ ಅಮೆರಿಕದ್ದು ಸಾರ್, ಇಲ್ಲ್ಯಾಕೆ ಟ್ಯಾಕ್ಸು?”

“ವರ್ಷದಲ್ಲಿ 182 ದಿನ ಈ ದೇಶದಲ್ಲಿದ್ರೆ ಎಲ್ಲಿ ದುಡಿದದ್ದಕ್ಕೂ ಇಲ್ಲೇ ಲೆಕ್ಕ ಕೊಡ್ಬೇಕು ಸ್ವಾಮಿ. ನೀವು ಚಾಮುಂಡಿ ಬೆಟ್ಟ ದಾಟಿದವರೇ ಅಲ್ಲ.”

ವಿದೇಶದ ಕಂಪನಿ, ಅಲ್ಲಿನ ಬ್ಯಾಂಕ್ ಖಾತೆ ಎರಡನ್ನೂ ರಿಟರ್ನ್ಸಿನಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಡೆಲವೇರ್ ಸರ್ಕಾರಕ್ಕೆ ಪ್ರತಿ ವರ್ಷ ಜೂನ್ 1ರೊಳಗೆ 300 ಡಾಲರ್, ವ್ಯಾಪಾರ ಆಗಲಿ ಬಿಡಲಿ. ಇಷ್ಟು ಕೇಳಿಯೂ ಡೈರೆಕ್ಟರು ಗಟ್ಟಿಯಾಗಿಯೇ ಕೂತಿದ್ದರು. ಆಗ ಆಡಿಟರು 5472 ಎಂಬ ಫಾರಂ ತೆಗೆದರು. ಹೊರದೇಶದ ಒಬ್ಬನೇ ಮಾಲೀಕನ ಕಂಪನಿ ಇದನ್ನು ಅಮೆರಿಕಕ್ಕೆ ಸಲ್ಲಿಸದಿದ್ದರೆ ದಂಡ 25,000 ಡಾಲರ್.

“ಅಲ್ಲಿ ನನಗೆ ಟ್ಯಾಕ್ಸೇ ಇಲ್ವಲ್ಲ ಸಾರ್!”

“ಇಲ್ದಿದ್ರೂ ನಿಮಗೂ ನಿಮ್ಮ ಕಂಪನಿಗೂ ಏನೇನು ಕೊಡುಕೊಳ್ಳುವಿಕೆ ಆಯ್ತು ಅಂತ ಅವರಿಗೆ ತಿಳೀಬೇಕು.”

ಆಡಿಟರು ನೀರು ತರಿಸಿದರು. ಅದನ್ನು ಫೀಸಿಗೆ ಸೇರಿಸಲಿಲ್ಲವೆಂಬುದು ಅವರ ದೊಡ್ಡತನ.

ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ಡೈರೆಕ್ಟರು ಅಲ್ಲೇ ಬರೆದು, ಸಹಿ ಹಾಕಿ, ಬೇಕಾದರೆ ನಡತೆ ಪ್ರಮಾಣಪತ್ರವನ್ನೂ ಕೊಡುತ್ತೇನೆಂದರು. ಸಾಲ ಸಿಗಲಿಲ್ಲ.

ಈಗ ಹೆಣ್ಣು ನೋಡುತ್ತಿದ್ದಾರೆ. “ಹುಡುಗ ಯಾವ ಕಂಪನಿ?” ಎಂದರೆ “ಸ್ವಂತದ್ದು” ಎನ್ನುತ್ತಾರೆ, ಬೀಗರ ಮುಖ ಅರಳುತ್ತದೆ. “ಎಲ್ಲಿದೆ?” ಎಂಬ ಎರಡನೆಯ ಪ್ರಶ್ನೆಗೆ ಮೂರು ದೇಶ ಸುತ್ತಿ ಬರುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ಹುಡುಗ ಒಳ್ಳೆಯವರು, ದುಡಿಮೆ ಚೆನ್ನಾಗಿದೆ, ಜಾತಕದಲ್ಲೂ ದೋಷವಿಲ್ಲ. ನಿಮ್ಮ ಬಳಗದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಹುಡುಗಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.