ಕಾಗದದ ಮೇಲೊಂದು ಒಪೆರಾ

ಒಪೆರಾ ಮತ್ತು ಸಂಗೀತ ನಾಟಕಗಳ ಹುಚ್ಚಿನಿಂದ ಹುಟ್ಟಿದ ಚಿತ್ರಗಳಿಗೆ ಆರಂಭದಲ್ಲೇ ಒಂದು ತೊಡಕು: ಕಾಗದಕ್ಕೆ ಕಿವಿ ಇಲ್ಲ. ಮೂರು ಗಂಟೆಯ ಸಂಗೀತ, ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ವಾದ್ಯವೃಂದ, ಮೇಳದವರ ಅಬ್ಬರ ಇಷ್ಟನ್ನೂ ಕಳೆದ ಮೇಲೆ ಚಿತ್ರಕಾರನ ಪಾಲಿಗೆ ಉಳಿಯುವುದು ಅಗಲಿಸಿದ ಬಾಯಿ, ಉಬ್ಬಿದ ಕುತ್ತಿಗೆ ನರ, ಎದೆಯ ಮೇಲೊಂದು ಕೈ. ಹಾಡು ಕೇಳಿಸುತ್ತಿರುವಷ್ಟು ಹೊತ್ತು ಇವೆಲ್ಲ ಪರಮ ಗಂಭೀರ. ಕಿವಿ ಮುಚ್ಚಿಕೊಂಡು ನೋಡಿದರೆ ಅದೇ ದೃಶ್ಯ ಹಲ್ಲಿನ ಡಾಕ್ಟರ ಕೋಣೆಯಂತೆ ಕಾಣುತ್ತದೆ. ಒಪೆರಾವನ್ನು ಮನಸಾರೆ ಪ್ರೀತಿಸಿದವರ ಕೈಯಿಂದಲೂ ಹೆಚ್ಚಾಗಿ ನಗೆಚಿತ್ರಗಳೇ ಬಂದದ್ದು ಇದಕ್ಕೇ ಇರಬೇಕು.

ಕೆಲವೊಮ್ಮೆ ರಂಗಭೂಮಿಯೇ ಚಿತ್ರಕಾರನಿಗೆ ಕೆಲಸ ಉಳಿಸುವುದಿಲ್ಲ. ಸಂಯೋಜಕ ವೆರ್ದಿಯ ಒಪೆರಾ ‘ಲಾ ಟ್ರಾವಿಯಾಟಾ’ 1853ರಲ್ಲಿ ವೆನಿಸ್‌ನಲ್ಲಿ ಮೊದಲ ಸಲ ರಂಗವೇರಿದಾಗ, ಕ್ಷಯದಿಂದ ಸೊರಗಿ ಸಾಯಬೇಕಾದ ನಾಯಕಿಯ ಪಾತ್ರ ಮೈಕೈ ತುಂಬಿಕೊಂಡ ಗಾಯಕಿಯ ಪಾಲಾಗಿತ್ತು. ಪ್ರೇಕ್ಷಕರು ಅಳಬೇಕಾದಲ್ಲಿ ನಕ್ಕರು. ಶ್ವಾಸಕೋಶವೇ ಕೈಕೊಟ್ಟವಳು ಸಭಾಂಗಣದ ಕೊನೆಯ ಸಾಲಿಗೂ ಕೇಳುವಂತೆ ಹಾಡಿ ಪ್ರಾಣ ಬಿಡುವುದು ಒಪೆರಾದ ಧರ್ಮ. ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ಸತ್ತ ಪಾತ್ರ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕೂತು ಹಾಡಿದ ಕಥೆಗಳನ್ನು ಕಂಪನಿ ನಾಟಕದ ಕಾಲದಿಂದ ಕೇಳಿಕೊಂಡು ಬಂದ ಕನ್ನಡಿಗರಂತೂ ಖಂಡಿತ ಪ್ರಶ್ನಿಸಲಾರರು.

ಪ್ಯಾರಿಸ್ಸಿನ ಚಿತ್ರಕಾರ ಎಡ್ಗರ್ ಡೆಗಾ ಕಾಗದಕ್ಕೆ ಕಿವಿಯಿಲ್ಲದ ಈ ತೊಡಕಿಗೆ ಕಂಡುಕೊಂಡ ದಾರಿ ಸರಳವಾದದ್ದು: ಹಾಡುವವರನ್ನು ಬಿಟ್ಟು ಉಳಿದವರನ್ನು ಬರೆಯುವುದು. 1870ರ ಸುಮಾರಿಗೆ ಅವನು ಬರೆದ ‘ಒಪೆರಾದ ವಾದ್ಯವೃಂದ’ದಲ್ಲಿ ನಟ್ಟನಡುವೆ ಕುಳಿತು ಬಾಸೂನ್ ಊದುತ್ತಿರುವವನು ಗೆಳೆಯ ಡೆಜಿರೆ ದಿಯೋ. ನಿಜವಾದ ವಾದ್ಯವೃಂದದಲ್ಲಿ ಬಾಸೂನಿಗೆ ಹಿಂದೆಲ್ಲೋ ಜಾಗ. ಚಿತ್ರಕಾರನ ಗೆಳೆತನ ಇದ್ದರೆ ಮುಂದಿನ ಸಾಲೇ ಸಿಗುತ್ತದೆ. ವಾದ್ಯ ಹಿಡಿದ ಇನ್ನೂ ಕೆಲವರು ಸಂಗೀತಗಾರರೇ ಅಲ್ಲ, ಡೆಗಾನ ಪರಿಚಯದವರು. ಮೇಲೆ ರಂಗದಲ್ಲಿ ನರ್ತಕಿಯರಿದ್ದಾರೆ, ಆದರೆ ಅವರ ತಲೆಗಳು ಚೌಕಟ್ಟಿನ ಆಚೆಗೆ ಹೋಗಿವೆ. ಟಿಕೆಟ್ ಕೊಟ್ಟು ಬಂದ ಜನ ನೋಡಬೇಕಾದದ್ದನ್ನು ಕತ್ತರಿಸಿ, ಯಾರೂ ನೋಡದ್ದನ್ನು ಅವನು ನಡುವೆ ತಂದಿಟ್ಟ.

ಮುಂದಿನ ವರ್ಷ ಮೈಯರ್‌ಬೇರ್‌ನ ‘ರೋಬೇರ್ ಲೆ ದ್ಯಾಬ್ಲ್’ ಒಪೆರಾದ ದೃಶ್ಯ ಬರೆದಾಗಲೂ ಇದೇ ಚಾಳಿ. ಗೋರಿಯಿಂದ ಎದ್ದುಬಂದ ಸನ್ಯಾಸಿನಿಯರ ಪ್ರೇತಗಳು ಬೆಳದಿಂಗಳಲ್ಲಿ ಕುಣಿಯುತ್ತಿವೆ. ಮುಂದಿನ ಸಾಲಿನ ಒಬ್ಬ ಮಹನೀಯ ಮಾತ್ರ ಅವುಗಳಿಗೆ ಮುಖ ತಿರುಗಿಸಿ ದುರ್ಬೀನು ಹಿಡಿದು ಬೇರೆಲ್ಲೋ ನೋಡುತ್ತಿದ್ದಾನೆ. ಆತ ಡೆಗಾನ ಗೆಳೆಯ ಅಲ್ಬೇರ್ ಎಶ್ಟ್. ಒಪೆರಾದ ನೃತ್ಯ ಪರೀಕ್ಷೆ ನೋಡಲು ಪರವಾನಗಿ ಕೊಡಿಸು ಎಂದು ಡೆಗಾ ಮುಂದೊಮ್ಮೆ ಪತ್ರ ಬರೆದು ಬೇಡಿಕೊಂಡದ್ದು ಇವನನ್ನೇ. ಅಂಥ ಪರೀಕ್ಷೆಗಳ ಚಿತ್ರಗಳನ್ನು ಅಷ್ಟೊಂದು ಬರೆದೂ ಒಂದನ್ನೂ ಕಣ್ಣಾರೆ ಕಂಡಿಲ್ಲವೆಂದು ಆ ಪತ್ರದಲ್ಲಿ ಅವನು ಸಂಕೋಚದಿಂದ ಒಪ್ಪಿಕೊಂಡ. ಚಿತ್ರ ಕೊಂಡವರಿಗೆ ಇದು ಗೊತ್ತಿರಲಾರದು.

ಗಾಯಕನೇ ಪೆನ್ಸಿಲ್ ಹಿಡಿದ ಪ್ರಸಂಗವೂ ಉಂಟು. 1903ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾಕ್ಕೆ ಬಂದ ಎನ್ರಿಕೊ ಕರೂಸೊ, ‘ಲಾ ಫೋಲಿಯಾ ದಿ ನ್ಯೂಯಾರ್ಕ್’ ಎಂಬ ಇಟಾಲಿಯನ್ ವಾರಪತ್ರಿಕೆಗೆ ವರ್ಷಗಟ್ಟಲೆ ವ್ಯಂಗ್ಯಚಿತ್ರ ಬರೆದುಕೊಟ್ಟ. ಸಂಗೀತ ಸಂಯೋಜಕರು, ನಿರ್ದೇಶಕರು, ಜೊತೆಗೆ ಹಾಡುವವರು ಯಾರನ್ನೂ ಬಿಡಲಿಲ್ಲ. ತನ್ನ ದುಂಡು ಮುಖವನ್ನಂತೂ ಮತ್ತೆ ಮತ್ತೆ ಬರೆದುಕೊಂಡ. ಬಾಯಿ ತೆರೆದಾಗ ತಾನು ಹೇಗೆ ಕಾಣುತ್ತೇನೆಂದು ಗೊತ್ತಿದ್ದೂ ಹಾಡುತ್ತಲೇ ಇರಲು ದೊಡ್ಡ ಗುಂಡಿಗೆ ಬೇಕು.

ಅದೇ 1903ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ಆಲ್ ಹರ್ಷ್‌ಫೆಲ್ಡ್ ಈ ಹುಚ್ಚಿನ ಪೂರ್ಣಾವತಾರ. ಬ್ರಾಡ್‌ವೇ ನಾಟಕಗಳ ಚಿತ್ರಗಳನ್ನು ನ್ಯೂಯಾರ್ಕ್ ಟೈಮ್ಸ್‌ಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಬರೆದ. ಭಾನುವಾರದ ಪತ್ರಿಕೆಯ ಚಿತ್ರ ನಾಟಕದ ಮೊದಲ ಪ್ರದರ್ಶನಕ್ಕೂ ಮುಂಚೆ ಸಿದ್ಧವಾಗಬೇಕಾದ್ದರಿಂದ, ಪ್ರಯೋಗ ಪ್ರದರ್ಶನಗಳನ್ನು ನೋಡಲು ಬಾಸ್ಟನ್, ಫಿಲಡೆಲ್ಫಿಯಾಗಳಿಗೂ ಹೋಗುತ್ತಿದ್ದ. ಸಭಾಂಗಣದ ಕತ್ತಲಲ್ಲಿ ಕಾಗದವನ್ನೂ ನೋಡದೆ ಗೀಚುವ ಅಭ್ಯಾಸ ಅವನಿಗಿತ್ತು. ಕೋಟಿನ ಜೇಬಿನೊಳಗೇ ಕೈಯಾಡಿಸಿ ಗುರುತು ಹಾಕಿಕೊಳ್ಳುತ್ತಿದ್ದುದೂ ಉಂಟು. ಪಕ್ಕದ ಸೀಟಿನವರು ಏನೆಂದುಕೊಂಡರೋ! ಮನೆಗೆ ಬಂದ ಮೇಲೆ ಹಳೆಯ ಕ್ಷೌರದ ಕುರ್ಚಿಯೊಂದರಲ್ಲಿ ಕುಳಿತು ಅದನ್ನು ಶಾಯಿಯಲ್ಲಿ ತಿದ್ದಿ ತೀಡುತ್ತಿದ್ದ. 1930ರ ದಶಕದ ಆರಂಭದಲ್ಲಿ ಬಾಲಿ ದ್ವೀಪಕ್ಕೆ ಹೋದಾಗ ಅಲ್ಲಿನ ಉರಿಬಿಸಿಲು ಬಣ್ಣಗಳನ್ನೆಲ್ಲ ಅಳಿಸಿ ಬರಿಯ ಗೆರೆಯನ್ನು ಉಳಿಸಿತೆಂದು ಹೇಳಿಕೊಳ್ಳುತ್ತಿದ್ದ.

ಆ ಗೆರೆ ಎಷ್ಟು ಹೇಳಬಲ್ಲದೆಂಬುದಕ್ಕೆ 1956ರ ‘ಮೈ ಫೇರ್ ಲೇಡಿ’ ಸಂಗೀತ ನಾಟಕಕ್ಕೆ ಅವನು ಬರೆದ ಚಿತ್ರ ಸಾಕು. ಮೂಲ ನಾಟಕ ಬರೆದ ಬರ್ನಾರ್ಡ್ ಶಾ ಮೋಡದ ಮೇಲೆ ಕುಳಿತು ಸೂತ್ರ ಹಿಡಿದಿದ್ದಾನೆ. ಕೆಳಗೆ ಗೊಂಬೆಯಾದ ಪ್ರೊಫೆಸರ್ ಹಿಗಿನ್ಸ್. ಆ ಗೊಂಬೆಯ ಕೈಯಲ್ಲಿ ಇನ್ನೊಂದು ಸೂತ್ರ, ಅದರ ತುದಿಯಲ್ಲಿ ಹೂ ಮಾರುವ ಎಲೈಜಾ. ಶಾ ಆಗ ಸತ್ತು ಐದು ವರ್ಷ ದಾಟಿತ್ತು. ತನ್ನ ನಾಟಕವನ್ನು ಹಾಡಿಗೆ ಒಗ್ಗಿಸಲು ಬದುಕಿರುವವರೆಗೂ ಒಪ್ಪದ ಮನುಷ್ಯನನ್ನು, ಅವನು ಸತ್ತ ಮೇಲೆ, ಹರ್ಷ್‌ಫೆಲ್ಡ್ ಸಂಗೀತ ನಾಟಕಕ್ಕೆ ಸೂತ್ರಧಾರನನ್ನಾಗಿ ಮಾಡಿದ.

1945ರಲ್ಲಿ ಮಗಳು ನೀನಾ ಹುಟ್ಟಿದಾಗ ಅವಳ ಹೆಸರನ್ನು ಒಂದು ಚಿತ್ರದಲ್ಲಿ ಅಡಗಿಸಿಟ್ಟ. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಗಾಯಕಿಯ ಕೂದಲಲ್ಲಿ, ಕೋಟಿನ ತೋಳಿನಲ್ಲಿ, ಪರದೆಯ ಮಡಿಕೆಯಲ್ಲಿ ಓದುಗರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ನಾಲ್ಕು ಇಂಗ್ಲಿಷ್ ಅಕ್ಷರ ಹುಡುಕತೊಡಗಿದರು. ನಿಲ್ಲಿಸಲು ನೋಡಿದರೆ ಪತ್ರಗಳ ಸುರಿಮಳೆ. ಕೊನೆಗೆ ಚಿತ್ರದಲ್ಲಿ ಎಷ್ಟು ನೀನಾ ಇದ್ದಾರೆಂದು ಸಹಿಯ ಪಕ್ಕದಲ್ಲಿ ಅಂಕಿ ಹಾಕುವ ಪದ್ಧತಿಯೇ ಬಂತು. ನಾಟಕ ಯಾವುದು, ಹಾಡಿದವರು ಯಾರು ಎಂಬುದು ಬಹುಮಂದಿಗೆ ಎರಡನೆಯ ವಿಷಯವಾಯಿತು.

ಬರೆದು ಸಾಲದೆ ಅವನು ಸಂಗೀತ ನಾಟಕವೊಂದನ್ನು ಕಟ್ಟಲೂ ಹೋದ. 1946ರ ‘ಸ್ವೀಟ್ ಬೈ ಆ್ಯಂಡ್ ಬೈ’ಗೆ ಹಾಸ್ಯ ಲೇಖಕ ಪೆರೆಲ್‌ಮನ್ ಜೊತೆ ಕಥೆ ಬರೆದ, ಹಾಡು ಆಗ್ಡೆನ್ ನ್ಯಾಶ್‌ನದು, ಸಂಗೀತ ವರ್ನನ್ ಡ್ಯೂಕ್‌ನದು. ಇಷ್ಟು ಮಂದಿ ಘಟಾನುಘಟಿಗಳು ಕೈಜೋಡಿಸಿದರೂ ನಾಟಕ ಬ್ರಾಡ್‌ವೇ ಮುಟ್ಟುವ ಮೊದಲೇ ಫಿಲಡೆಲ್ಫಿಯಾದಲ್ಲಿ ಮಲಗಿತು. ಹರ್ಷ್‌ಫೆಲ್ಡ್ ಗೆರೆಗೆ ಮರಳಿದ. 2003ರ ಜನವರಿಯಲ್ಲಿ, ನೂರು ತುಂಬಲು ಐದು ತಿಂಗಳಿದ್ದಾಗ, ತೀರಿಕೊಂಡ. ಅದೇ ವರ್ಷದ ಜೂನ್‌ನಲ್ಲಿ ಬ್ರಾಡ್‌ವೇಯ ಮಾರ್ಟಿನ್ ಬೆಕ್ ರಂಗಮಂದಿರಕ್ಕೆ ಅವನ ಹೆಸರಿಟ್ಟರು.

ಮಕ್ಕಳ ಪುಸ್ತಕಗಳ ಮಾರಿಸ್ ಸೆಂಡಾಕ್‌ನ ಹುಚ್ಚು ಇನ್ನೊಂದು ಬಗೆಯದು. ರೆಕಾರ್ಡ್ ಹಾಕಿಕೊಂಡು, ಸಂಗೀತ ಆರಂಭವಾದಾಗ ಆರಂಭಿಸಿ ಅದು ಮುಗಿಯುವುದರೊಳಗೆ ಒಂದು ಪುಟ ತುಂಬಿಸುವ ಆಟ ಅವನದು. ಮೊಜಾರ್ಟ್ ಎಂದರೆ ಪ್ರಾಣ. 1981ರ ‘ಔಟ್‌ಸೈಡ್ ಓವರ್ ದೇರ್’ ಪುಸ್ತಕದ ಒಂದು ಚಿತ್ರದಲ್ಲಿ ಕಥೆಗೆ ಸಂಬಂಧವಿಲ್ಲದ ಮೊಜಾರ್ಟ್ ದೂರದ ಗುಡಿಸಲಿನಲ್ಲಿ ಕುಳಿತು ತನ್ನ ಪಾಡಿಗೆ ವಾದ್ಯ ನುಡಿಸುತ್ತಿದ್ದಾನೆ. ಅದಕ್ಕೆ ಒಂದು ವರ್ಷ ಮೊದಲು ಹ್ಯೂಸ್ಟನ್ ಗ್ರ್ಯಾಂಡ್ ಒಪೆರಾ ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ಗೆ ಪರದೆ, ಉಡುಪುಗಳನ್ನು ಸೆಂಡಾಕ್‌ನಿಂದಲೇ ಬರೆಸಿತು. ಇಲ್ಲಿ ಕ್ರಮ ತಿರುಗುಮುರುಗಾಯಿತು: ಹಾಡುವವರನ್ನು ನೋಡಿ ಚಿತ್ರ ಬರೆಯುವ ಬದಲು ಚಿತ್ರವೇ ಮೊದಲು ಸಿದ್ಧವಾಯಿತು, ಬಡಗಿ ಅದಕ್ಕೆ ತಕ್ಕಂತೆ ಮರ ಕೊಯ್ದ, ದರ್ಜಿ ಅದಕ್ಕೆ ತಕ್ಕಂತೆ ಬಟ್ಟೆ ಹೊಲಿದ, ಗಾಯಕರು ಬಂದು ಅದರೊಳಗೆ ಗುರುತು ಹಾಕಿದ ಜಾಗದಲ್ಲಿ ನಿಂತರು.