ಹೋದವರ ಪಾಸ್‌ವರ್ಡ್

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೂ ಟೆಕ್ ಪಾರ್ಕಿನ ಗೇಟಿನ ಬಳಿ ಬೆಳಗ್ಗೆ ಹತ್ತು ನಿಮಿಷ ನಿಂತರೆ ಐಟಿ ಲೋಕದ ಜಾತಿಪದ್ಧತಿ ತಾನಾಗಿ ಅರ್ಥವಾಗುತ್ತದೆ. ಕಾಯಂ ನೌಕರರ ಕೊರಳಲ್ಲಿ ಒಂದು ಬಣ್ಣದ ಪಟ್ಟಿ, ಕಾಂಟ್ರಾಕ್ಟಿನವರ ಕೊರಳಲ್ಲಿ ಇನ್ನೊಂದು. ಎರಡನೆಯ ಬಣ್ಣದವರ ಬ್ಯಾಗು ತೆರೆಸುತ್ತಾರೆ, ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನು ರಿಜಿಸ್ಟರಿನಲ್ಲಿ ಬರೆಸುತ್ತಾರೆ, ಊಟದ ಡಬ್ಬಿಯ ಚಿತ್ರಾನ್ನವನ್ನೂ ಒಂದು ಬಾರಿ ಗುಮಾನಿಯಿಂದ ನೋಡುತ್ತಾರೆ. ಜಿಮ್ಮು, ಕ್ಯಾಬು, ದೀಪಾವಳಿಯ ಮಿಠಾಯಿ ಡಬ್ಬಿ ಇವೆಲ್ಲ ಮೊದಲನೆಯ ಬಣ್ಣಕ್ಕೆ ಮೀಸಲು. ಇಷ್ಟೆಲ್ಲ ಜಾಲಾಡಿ ಒಳಗೆ ಬಿಟ್ಟ ಅದೇ ಮನುಷ್ಯನಿಗೆ ಮೂರನೇ ಮಹಡಿಯಲ್ಲಿ ಯಾರೋ ಪುಣ್ಯಾತ್ಮರು ಡೇಟಾಬೇಸಿನ ಅಡ್ಮಿನ್ ಪಾಸ್‌ವರ್ಡನ್ನು ಚಾಟ್‌ನಲ್ಲಿ ಕಳಿಸಿಬಿಡುತ್ತಾರೆ, ಕೊನೆಗೊಂದು ನಗುಮುಖದ ಚಿತ್ರವನ್ನೂ ಸೇರಿಸಿ. ಲಕ್ಷಾಂತರ ಗ್ರಾಹಕರ ಜನ್ಮಜಾತಕ ಅವನ ವಶಕ್ಕೆ ಬಂತು. ಕಾಜು ಕಟ್ಲಿಯನ್ನು ಮಾತ್ರ ಅಂಥವರ ಕೈಗೆ ಕೊಡಲು ಧೈರ್ಯ ಸಾಲದು.

ಹೊರಗಿನವರನ್ನು ನಂಬಬಾರದು ಎಂದು ನಾನು ಹೇಳುತ್ತಿಲ್ಲ. ನಂಬದೆ ಗತಿಯೂ ಇಲ್ಲ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ಲೆಕ್ಕದ ಪ್ರಕಾರ ಗೂಗಲ್‌ನಲ್ಲಿ ಕಾಯಂ ನೌಕರರು ಸುಮಾರು 1,02,000, ತಾತ್ಕಾಲಿಕ ಮತ್ತು ಕಾಂಟ್ರಾಕ್ಟಿನವರು ಸುಮಾರು 1,21,000. ಹೊರಗಿನವರೇ ಒಳಗೆ ಹೆಚ್ಚು. ನನ್ನ ತಕರಾರು ಬೇರೆ. ಕಂಪನಿಗಳು ತಮ್ಮ ಅನುಮಾನವನ್ನೆಲ್ಲ ಕೊರಳಪಟ್ಟಿಯ ಬಣ್ಣದ ಮೇಲೆ ಖರ್ಚು ಮಾಡಿ, ಈ ಮನುಷ್ಯನ ಕೆಲಸ ಎಂದು ಮುಗಿಯುತ್ತದೆ ಎಂಬುದನ್ನು ಕೇಳುವ ಹೊತ್ತಿಗೆ ಸುಸ್ತಾಗಿರುತ್ತವೆ. ಕಾಯಂ ನೌಕರ ಹೊರಟರೆ ಊರಿಗೆಲ್ಲ ಸುದ್ದಿ: ರಾಜೀನಾಮೆ, ನೋಟಿಸ್ ಪೀರಿಯಡ್, ಕೇಕು, ರಿಲೀವಿಂಗ್ ಲೆಟರು. ಕಾಂಟ್ರಾಕ್ಟಿನವನಾದರೋ ಕಂಪನಿಯ ಪುಸ್ತಕದಲ್ಲಿ ಪರ್ಚೇಸ್ ಆರ್ಡರಿನ ಒಂದು ಸಾಲು. ಕುರ್ಚಿ, ಪ್ರಿಂಟರ್ ಕಾಗದ ತರಿಸುವ ವಿಭಾಗವೇ ಅವನನ್ನೂ ತರಿಸಿರುತ್ತದೆ. ಅವನು ಹೋದದ್ದು ಅವನ ಏಜೆನ್ಸಿಗೆ ಗೊತ್ತು, ಪಕ್ಕದ ಸೀಟಿನವನಿಗೆ ಗೊತ್ತು. ಸಿಸ್ಟಮ್ಮಿಗೆ ಹೇಳುವವರು ಯಾರೂ ಇಲ್ಲ.

ಇದು ಉತ್ಪ್ರೇಕ್ಷೆ ಎನ್ನುವವರು ಅಮೆರಿಕದ ಗೃಹಸಾಲ ಸಂಸ್ಥೆ ಫ್ಯಾನಿ ಮೇಯ ಕಥೆ ಕೇಳಬೇಕು. 2008ರ ಅಕ್ಟೋಬರ್ 24ರ ಮಧ್ಯಾಹ್ನ ಅಲ್ಲಿ ಕಾಂಟ್ರಾಕ್ಟಿನ ಮೇಲಿದ್ದ ಒಬ್ಬ ಎಂಜಿನಿಯರಿಗೆ ಕೆಲಸ ಹೋಯಿತೆಂದು ತಿಳಿಸಿದರು. ಅವನ ಲಾಗಿನ್ ರದ್ದಾದದ್ದು ಮಾತ್ರ ರಾತ್ರಿ. ಕಾಂಟ್ರಾಕ್ಟಿನವರ ಪ್ರವೇಶ ನೋಡಿಕೊಳ್ಳುತ್ತಿದ್ದುದು ಅಲ್ಲಿಯೂ ಖರೀದಿ ವಿಭಾಗವೇ ಎಂದು ನ್ಯಾಯಾಲಯದ ಕಾಗದಪತ್ರಗಳು ಹೇಳುತ್ತವೆ. ನಡುವಿನ ಆ ಕೆಲವೇ ಗಂಟೆಗಳಲ್ಲಿ ಅವನು, 2009ರ ಜನವರಿ 31ರಂದು ಸಂಸ್ಥೆಯ ಸುಮಾರು 4,000 ಸರ್ವರ್‌ಗಳನ್ನು ಅಳಿಸಿಹಾಕುವ ಒಂದು ಪ್ರೋಗ್ರಾಮ್ ಬರೆದಿಟ್ಟು ಹೋದ. ಕೆಲವು ದಿನಗಳ ನಂತರ ಇನ್ನೊಬ್ಬ ಎಂಜಿನಿಯರ್ ಅಕಸ್ಮಾತ್ ಅದನ್ನು ಕಂಡದ್ದರಿಂದ ಸಂಸ್ಥೆ ಬದುಕಿತು. ಇದಕ್ಕಿಂತ ವಾಸನೆಯ ಪ್ರಕರಣ ಆಸ್ಟ್ರೇಲಿಯಾದ ಮರೂಚಿ ಎಂಬ ಊರಿನದು. ಅಲ್ಲಿನ ಒಳಚರಂಡಿ ಪಂಪುಗಳಿಗೆ ಗಣಕ ವ್ಯವಸ್ಥೆ ಅಳವಡಿಸಿದ ಗುತ್ತಿಗೆ ಕಂಪನಿಯಲ್ಲಿದ್ದವನೊಬ್ಬ ಆ ಕೆಲಸ ಬಿಟ್ಟು, ಪುರಸಭೆಯಲ್ಲಿ ನೌಕರಿ ಕೇಳಿದ, ಸಿಗಲಿಲ್ಲ. 2000ನೇ ಇಸವಿಯಲ್ಲಿ ಲ್ಯಾಪ್‌ಟಾಪು, ರೇಡಿಯೋ ಉಪಕರಣ ಕಾರಿನಲ್ಲಿಟ್ಟುಕೊಂಡು ಸುತ್ತುತ್ತ ಪಂಪುಗಳಿಗೆ ತಾನೇ ಆಜ್ಞೆ ಕೊಡತೊಡಗಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆ, ಒಂದು ಐಷಾರಾಮಿ ಹೋಟೆಲಿನ ಅಂಗಳಕ್ಕೆ ಹರಿಯಿತು. ನೌಕರಿಯ ಅರ್ಜಿ ತಿರಸ್ಕರಿಸುವಾಗ ಪುರಸಭೆಯವರು ಅರ್ಜಿದಾರನ ಕೈಯಲ್ಲಿ ಇನ್ನೂ ಏನೇನಿದೆ ಎಂದು ನೋಡಬಹುದಿತ್ತು.

ಇವೆರಡರಲ್ಲಿ ಮನುಷ್ಯನೇ ಕೆಟ್ಟವನು. ಆದರೆ ಪ್ರಾಮಾಣಿಕನ ಪಾಸ್‌ವರ್ಡೂ ಅಷ್ಟೇ ಅನಾಹುತ ಮಾಡೀತು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಹೊಕ್ಕ ಬಾಗಿಲು ಅಲ್ಲಿನ ಶೀತಲ ಯಂತ್ರ ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರನ ಲಾಗಿನ್. ಪಾಪ, ಆತನಿಗೆ ಅದನ್ನು ಕೊಟ್ಟದ್ದು ಬಿಲ್ಲು, ಕರಾರುಪತ್ರ ಕಳಿಸಲಿಕ್ಕೆ. ಬಿಲ್ಲು ಕಳಿಸುವ ಕಿಂಡಿಯಿಂದ ಗಲ್ಲಾಪೆಟ್ಟಿಗೆಯವರೆಗೆ ದಾರಿ ಬಿಟ್ಟವರು ಆತನಲ್ಲ. ನಮ್ಮ ಮದುವೆಮನೆಗಳಲ್ಲಿ ಅಡುಗೆಯವರಿಗೆ ಬೇಳೆ, ಬೆಲ್ಲ, ತುಪ್ಪವನ್ನು ಉಗ್ರಾಣದವರು ಅಳೆದು ಕೊಡುತ್ತಾರೆ. ಮದುಮಗಳ ಒಡವೆಯಿರುವ ಕೋಣೆಯ ಬೀಗದಕೈಯನ್ನೂ ಹುಳಿಯ ಪಾತ್ರೆಯ ಜೊತೆ ಕೊಟ್ಟ ಬೀಗರನ್ನು ನಾನಂತೂ ಕೇಳಿಲ್ಲ.

ಕಾಯಂ ನೌಕರರೇನು ಸಾಚಾಗಳೇ ಎಂದು ನೀವು ಕೇಳುವುದು ನ್ಯಾಯ. ಸಿಸ್ಕೋದಲ್ಲಿ 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಹೋದ ಎಂಜಿನಿಯರೊಬ್ಬ ಐದು ತಿಂಗಳ ಮೇಲೆ ಹೊರಗಿನಿಂದಲೇ ಒಳಹೊಕ್ಕು 456 ವರ್ಚುವಲ್ ಯಂತ್ರಗಳನ್ನು ಅಳಿಸಿದ. 16,000ಕ್ಕೂ ಹೆಚ್ಚು ವೆಬೆಕ್ಸ್ ಖಾತೆಗಳು ಮುಚ್ಚಿಹೋದವು. ಕೇಕು ಕತ್ತರಿಸಿ ಬೀಳ್ಕೊಟ್ಟರೂ ಬೀಗ ಬದಲಿಸದಿದ್ದರೆ ಅಷ್ಟೆ. ಬಣ್ಣ ನೋಡಿ ಪ್ರಯೋಜನವಿಲ್ಲ, ತಾರೀಖು ನೋಡಿ ಎಂಬ ನನ್ನ ಮಾತಿಗೆ ಇದು ಬಲವೇ ಹೊರತು ಏಟಲ್ಲ. ಖಾತೆ ತೆರೆಯುವ ದಿನವೇ ಅದು ಮುಚ್ಚುವ ದಿನವನ್ನೂ ಬರೆದಿಡಬೇಕು; ಅದಕ್ಕೆ ಕಂಪನಿಯ ಒಳಗೆ ಹೆಸರಿರುವ ಒಬ್ಬ ಹೊಣೆಗಾರನಿರಬೇಕು. ಹಾಗೆ ಮಾಡಿದರೆ ಪ್ರಾಜೆಕ್ಟಿನ ನಡುವೆ ರಾತ್ರಿ ಹನ್ನೆರಡಕ್ಕೆ ಲಾಗಿನ್ ಸತ್ತು ಕೆಲಸ ನಿಲ್ಲುತ್ತದೆ ಎಂದು ಮ್ಯಾನೇಜರುಗಳು ಹೌಹಾರುತ್ತಾರೆ. ಹದಿನೈದು ದಿನ ಮೊದಲೇ ಎಚ್ಚರಿಕೆ ಕೊಡುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ. ಅಷ್ಟರಲ್ಲೂ ಒಂದು ಗುಂಡಿ ಒತ್ತಲು ಯಾರಿಗೂ ನೆನಪಾಗದ ಖಾತೆ ಯಾರಿಗೂ ಬೇಡದ ಖಾತೆಯೇ ಇರಬೇಕು. ಮೂರು ತಿಂಗಳಿಗೊಮ್ಮೆ ಪಟ್ಟಿ ಪರಿಶೀಲಿಸುತ್ತೇವಲ್ಲ ಎಂಬ ಸಮಾಧಾನದಲ್ಲಿ ನನಗೆ ನಂಬಿಕೆ ಕಡಿಮೆ. ಮುನ್ನೂರು ಹೆಸರಿನ ಎಕ್ಸೆಲ್ ಹಾಳೆ ಶುಕ್ರವಾರ ಸಂಜೆ ಬಂದರೆ ಯಾವ ಮಾನವನಾದರೂ ಒಟ್ಟಿಗೆ ಎಲ್ಲಕ್ಕೂ ಅಪ್ರೂವ್ ಒತ್ತಿ ಮನೆಗೆ ಹೋಗುತ್ತಾನೆ. ಸುಮ್ಮನಿದ್ದರೆ ಖಾತೆ ಉಳಿಯುವ ಪದ್ಧತಿ ಸೋಮಾರಿತನವನ್ನು ಕಳ್ಳರ ಪರ ನಿಲ್ಲಿಸುತ್ತದೆ. ಸುಮ್ಮನಿದ್ದರೆ ಖಾತೆ ಸಾಯುವ ಪದ್ಧತಿಯಲ್ಲಿ ಅದೇ ಸೋಮಾರಿತನ ನಮ್ಮ ಕಾವಲುಗಾರ.

ಇಷ್ಟು ಬಿಗಿ ಮಾಡಿದರೆ ಕಾಂಟ್ರಾಕ್ಟಿನವರಿಗೆ ಅವಮಾನವಲ್ಲವೇ ಎಂಬ ಮರುಕದ ಮಾತೂ ಬರುತ್ತದೆ. ಅವಮಾನದ ವ್ಯವಸ್ಥೆಯನ್ನು ಗೇಟಿನಲ್ಲೇ ಅಚ್ಚುಕಟ್ಟಾಗಿ ಮಾಡಿದವರಿಗೆ ಸರ್ವರಿನ ಬಳಿ ಈ ಸಂಕೋಚ ಏಕೋ! ಬಿಟ್ಟುಹೋದ ಕಂಪನಿಯಲ್ಲಿ ತನ್ನ ಹೆಸರಿನ ಖಾತೆ ಜೀವಂತವಾಗಿದ್ದು, ಅದರಿಂದ ಕಳವಾದರೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ಆ ಬಡಪಾಯಿಯ ಮನೆಯದನ್ನೇ. ಖಾತೆ ಮುಚ್ಚುವುದು ಅವನಿಗೂ ಉಪಕಾರ. ಮುಚ್ಚುವಾಗಿನ ಚುರುಕು ತೆರೆಯುವಾಗಲೂ ಇರಬೇಕೆನ್ನುವುದು ನಿಜ. ಹೊಸಬನಿಗೆ ಲಾಗಿನ್ ಕೊಡಲು ಮೂರು ವಾರ ಸತಾಯಿಸಿದರೆ ಅವನು ಪಕ್ಕದವನ ಪಾಸ್‌ವರ್ಡಿನಲ್ಲಿ ಕೆಲಸ ಶುರು ಮಾಡುತ್ತಾನೆ, ಆಮೇಲೆ ಯಾರು ಏನು ಮಾಡಿದರೆಂದು ಬ್ರಹ್ಮನಿಗೂ ತಿಳಿಯದು. ಕಾನೂನಂತೂ ಬಣ್ಣ ನೋಡುವುದಿಲ್ಲ. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿ ಗುತ್ತಿಗೆಯವರ ಕೈಯಲ್ಲಿ ಸೋರಿದರೂ ಹೊಣೆ ಗುತ್ತಿಗೆ ಕೊಟ್ಟ ಕಂಪನಿಯದೇ, ರಕ್ಷಣೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೆ.

ನಿಮ್ಮ ಕೈಕೆಳಗೆ ಕಾಂಟ್ರಾಕ್ಟಿನವರು ಇದ್ದರೆ, ಅಥವಾ ಹಿಂದೆ ಎಂದಾದರೂ ಇದ್ದಿದ್ದರೆ, ಸೋಮವಾರ ಐಟಿಯವರಿಂದ ಅವರ ಲಾಗಿನ್ ಪಟ್ಟಿ ತರಿಸಿ ಓದಿ. ಮುಖ ನೆನಪಾಗದ ಹೆಸರುಗಳನ್ನು ಅಂದೇ ನಿಲ್ಲಿಸಿ. ಬೇಕಾದವರು ತಾವೇ ಫೋನು ಮಾಡುತ್ತಾರೆ. ಅಂಥ ಪಟ್ಟಿಯೇ ನಮ್ಮಲ್ಲಿಲ್ಲ ಸಾರ್ ಎಂದು ಅವರು ಹೇಳಿದರೆ, ಮಂಗಳವಾರದ ಮೀಟಿಂಗುಗಳನ್ನೆಲ್ಲ ರದ್ದು ಮಾಡಿ.